ಎಮಿಲಿಯಾ-ರೊಮಾನ್ಯಾಗೆ ಹೊಸದಾಗಿ ಬರೋ ಕನ್ನಡದವರಿಗೆ: ಮೊದ್ಲು ಇಲ್ಲಿನ ರೆಜೋನೆ ಏನು ಅಂತ ತಿಳ್ಕೊಳ್ಳಿ

ಬೊಲೋನ್ಯಾ, ಮೋದೆನಾ, ಪಾರ್ಮಾ ಕಡೆ ಓದೋಕೋ ಕೆಲಸಕ್ಕೋ ಬರೋ ನಮ್ಮ ಹುಡುಗ್ರಿಗೆ ರೋಮ್‌ನಲ್ಲಿ ಪ್ರಧಾನಿ ಯಾರು ಅಂತ ಗೊತ್ತಿರುತ್ತೆ, ರೆಜೋನೆ ಅಂದ್ರೆ ಏನು ಅಂತ ಮಾತ್ರ ಗೊತ್ತಿರಲ್ಲ. ಆದ್ರೆ ಇಲ್ಲಿ ದಿನ ಬೆಳಗಾದ್ರೆ ಬೇಕಾಗೋ ಡಾಕ್ಟ್ರು, ಆಸ್ಪತ್ರೆ, ಸ್ಕಾಲರ್‌ಶಿಪ್, ಲೋಕಲ್ ಟ್ರೈನು ಎಲ್ಲಾ ನೋಡ್ಕೊಳ್ಳೋದು ಅದೇ, ಹೆಚ್ಚುಕಮ್ಮಿ ನಮ್ಮ ರಾಜ್ಯ ಸರ್ಕಾರ ಇದ್ದ ಹಾಗೆ. ಇಟಲಿಯಲ್ಲಿ 20 ರೆಜೋನೆ, ಅದ್ರಲ್ಲಿ 5ಕ್ಕೆ ವಿಶೇಷ ಸ್ಥಾನಮಾನ. ನಮ್ಮ ಎಮಿಲಿಯಾ-ರೊಮಾನ್ಯಾ ಉಳಿದ 15ರಲ್ಲಿ ಒಂದು, 1948ರ ಸಂವಿಧಾನದಲ್ಲೇ ಹೆಸರಿದ್ರೂ ಇವು ಕೆಲಸ ಶುರು ಮಾಡಿದ್ದು 1970ರಲ್ಲಿ.

ರಾಜ್ಯ ಸರ್ಕಾರ ಅಂದ ಕೂಡ್ಲೇ ವಿಧಾನಸೌಧ ಕಣ್ಮುಂದೆ ಬರುತ್ತೆ, ಆದ್ರೆ ಹಂಗೇ ಅಂದ್ಕೋಬೇಡಿ. ರೆಜೋನೆಗೆ ನಮ್ಮಲ್ಲಿರೋ ಥರ ಪೊಲೀಸ್ ಇಲಾಖೆ ಇಲ್ಲ, ನಿಮ್ಮ ಪೆರ್ಮೆಸ್ಸೊ, ಅಂದ್ರೆ ಇಲ್ಲಿ ವಾಸ ಇರೋ ಪರವಾನಗಿ, ಕೊಡೋದು ಕ್ವೆಸ್ತೂರಾ ಅನ್ನೋ ಪೊಲೀಸ್ ಕಚೇರಿ, ಅದು ಕೇಂದ್ರದ್ದು; ವಿಳಾಸ ರಿಜಿಸ್ಟರ್ ಮಾಡೋದು ಕೊಮೂನೆ, ಅಂದ್ರೆ ನಗರಸಭೆ. ಪೆರ್ಮೆಸ್ಸೊ ಅರ್ಜಿ ಬಗ್ಗೆ ಎಲ್ಲಾ ಕಡೆ ಬರ್ದಿದ್ದಾರೆ, ನಾನು ಮತ್ತೆ ಬರೆಯಲ್ಲ. ರೆಜೋನೆ ಅಸೆಂಬ್ಲಿ ಇರೋದು ಬೊಲೋನ್ಯಾದ ವಿಯಾಲೆ ಆಲ್ದೊ ಮೊರೊದಲ್ಲಿ, ಫಿಯೆರಾ ಅನ್ನೋ ವಸ್ತುಪ್ರದರ್ಶನದ ಮೈದಾನದ ಹತ್ರ ಜಪಾನಿನ ಕೆಂಜೊ ತಾಂಗೆ ವಿನ್ಯಾಸ ಮಾಡಿದ ಟವರ್‌ಗಳಿದಾವಲ್ಲ, ಅದೇ ಏರಿಯಾ. 50 ಸದಸ್ಯರು. ಅಧ್ಯಕ್ಷರನ್ನ ಜನ ನೇರವಾಗಿ ಆರಿಸ್ತಾರೆ, ಮತ್ತೆ ಅಧ್ಯಕ್ಷರು ರಾಜೀನಾಮೆ ಕೊಟ್ರೆ ಅಥವಾ ಅವಿಶ್ವಾಸದಲ್ಲಿ ಇಳಿದ್ರೆ ಅಸೆಂಬ್ಲಿನೂ ವಿಸರ್ಜನೆ ಆಗುತ್ತೆ. ಶಾಸಕರನ್ನ ರೆಸಾರ್ಟಿಗೆ ಕರ್ಕೊಂಡು ಹೋಗಿ ಮುಖ್ಯಮಂತ್ರಿನ ಬದಲಾಯಿಸೋ ದಾರಿನೇ ಇಲ್ಲ ಇಲ್ಲಿ, ಇದು ನನಗೆ ತುಂಬಾ ಹಿಡಿಸಿದ ವಿಷಯ. 2024ರಲ್ಲಿ ಆಗಿನ ಅಧ್ಯಕ್ಷ ಸ್ತೆಫಾನೊ ಬೊನಾಚ್ಚಿನಿ ಯುರೋಪಿಯನ್ ಪಾರ್ಲಿಮೆಂಟಿಗೆ ಗೆದ್ದು ರಾಜೀನಾಮೆ ಕೊಟ್ರು, ನವೆಂಬರ್‌ನಲ್ಲಿ ಚುನಾವಣೆ ಆಯ್ತು, ರವೆನ್ನಾದ ಮೇಯರ್ ಆಗಿದ್ದ ಮಿಕೇಲೆ ದೆ ಪಾಸ್ಕಾಲೆ ಗೆದ್ರು. 1970ರಿಂದ ಇವತ್ತಿನ ತನಕ ಇಲ್ಲಿ ಎಡಪಕ್ಷದವರೇ ರೆಜೋನೆ ನಡೆಸಿರೋದು, ಬೊಲೋನ್ಯಾ ಕೊಮೂನೆ ಮಾತ್ರ 1999ರಲ್ಲಿ ಒಂದ್ಸಲ ಕೈತಪ್ಪಿತ್ತು.

ಇನ್ನು ದುಡ್ಡು. ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ, ಕೆಳಗೆ 'ಅದ್ದಿತ್ಸಿಯೊನಾಲೆ ರೆಜೊನಾಲೆ' ಅಂತ ಒಂದು ಸಾಲು ಇರುತ್ತೆ, ಹೋದ ವರ್ಷದ ಆದಾಯದ ಮೇಲೆ ಈ ವರ್ಷ ಕಂತುಕಂತಾಗಿ ಕಟ್ ಆಗೋ ತೆರಿಗೆ ಅದು. ಮೊದಲ ವರ್ಷ ಇರಲ್ಲ, ಎರಡನೇ ವರ್ಷ ಸಂಬಳ ಕಮ್ಮಿ ಬಂತು ಅಂತ ಎಚ್‌ಆರ್ ಜೊತೆ ಜಗಳಕ್ಕೆ ಹೋಗ್ಬೇಡಿ. ಆ ದುಡ್ಡು ಹೋಗೋದು ಇದೇ ರೆಜೋನೆಗೆ, ರೆಜೋನೆ ಬಜೆಟ್‌ನಲ್ಲಿ ದೊಡ್ಡ ಪಾಲು ಆರೋಗ್ಯಕ್ಕೇ ಹೋಗುತ್ತೆ. ಆದ್ದರಿಂದ ಕೆಲಸ ಸಿಕ್ಕ ಕೂಡ್ಲೇ ಎಯುಎಸ್ಎಲ್, ಅಂದ್ರೆ ಸರ್ಕಾರಿ ಆರೋಗ್ಯ ಸೇವೆಯ ಸ್ಥಳೀಯ ಆಫೀಸಿಗೆ ಹೋಗಿ ಹೆಸರು ಬರೆಸಿ ನಿಮ್ಮ ಫ್ಯಾಮಿಲಿ ಡಾಕ್ಟ್ರನ್ನ ಆರಿಸ್ಕೊಳ್ಳಿ. ನಮ್ಮೋರು ಊರಿಂದ ತಂದ ಡೋಲೋ ಮಾತ್ರೆ ನಂಬ್ಕೊಂಡು ಜ್ವರ ಏರೋ ತನಕ ಕಾಯ್ತಾರೆ, ಆಮೇಲೆ ಸೀದಾ ಎಮರ್ಜೆನ್ಸಿಗೆ ಹೋಗಿ ಗಂಟೆಗಟ್ಲೆ ಕೂತ್ಕೊಂಡು ಈ ದೇಶದಲ್ಲಿ ವೈದ್ಯಕೀಯನೇ ಸರಿ ಇಲ್ಲ ಅಂತಾರೆ, ನನಗೆ ಇದು ಕೇಳಿದ್ರೆ ಸಿಟ್ಟು ಬರುತ್ತೆ, ನೀವು ತೆರಿಗೆ ಕಟ್ಟಿರೋ ಹಕ್ಕನ್ನೇ ಕೇಳ್ಕೊಂಡಿಲ್ವಲ್ಲ! ಸ್ಟೂಡೆಂಟ್ಸ್ ಆದ್ರೆ ಸರ್ಕಾರಿ ಆರೋಗ್ಯ ಸೇವೆಗೆ ಸ್ವಂತ ದುಡ್ಡು ಕಟ್ಟಿ ಸೇರ್ಬೇಕು, 2024ರಿಂದ ಅದು ವರ್ಷಕ್ಕೆ 700 ಯೂರೋ, ಅದೂ ಜನವರಿಯಿಂದ ಡಿಸೆಂಬರ್ ಲೆಕ್ಕ. ಅಕ್ಟೋಬರ್‌ನಲ್ಲಿ ಕಟ್ಟಿದ್ರೂ ಡಿಸೆಂಬರ್ 31ಕ್ಕೆ ಮುಗೀತು.

ಸ್ಕಾಲರ್‌ಶಿಪ್ ಕೊಡೋದೂ ಯೂನಿವರ್ಸಿಟಿ ಅಲ್ಲ, ರೆಜೋನೆಯ ಎರ್ಗೊ ಸಂಸ್ಥೆ. ಇಲ್ಲೇ ನಮ್ಮ ಮಕ್ಕಳು ಎಡವೋದು. ಅಪ್ಪ-ಅಮ್ಮನ ಆದಾಯ, ಮನೆ, ಬ್ಯಾಂಕಲ್ಲಿರೋ ಹಣ, ಕುಟುಂಬದಲ್ಲಿ ಎಷ್ಟು ಜನ, ಎಲ್ಲದಕ್ಕೂ ಊರಿನ ದಾಖಲೆ ಬೇಕು, ದಾಖಲೆ ಅಸಲಿ ಅಂತ ವಿದೇಶಕ್ಕೆ ತೋರ್ಸೋ ಅಪೊಸ್ಟಿಲ್ ಮುದ್ರೆ ಬೇಕು, ಇಟಾಲಿಯನ್ ಅನುವಾದ ಬೇಕು. ತಾಲ್ಲೂಕು ಆಫೀಸಲ್ಲಿ ಆದಾಯ ಪ್ರಮಾಣಪತ್ರ ತಗೊಳ್ಳೋದು, ತಂದೆ ಹೆಸರಿನ ಸ್ಪೆಲ್ಲಿಂಗ್ ಒಂದೊಂದರಲ್ಲಿ ಒಂದೊಂದು ಥರ ಇರೋದು, ಅದನ್ನ ಸರಿ ಮಾಡ್ಸೋದು, ಇದೆಲ್ಲ ವಿಮಾನ ಹತ್ತೋ ಮುಂಚೆನೇ ಆಗ್ಬೇಕು. ಕೊನೆ ದಿನಾಂಕ ದಾಟಿದ್ರೆ ಯಾರ ಕೈಲಿ ಫೋನ್ ಮಾಡ್ಸಿದ್ರೂ ಆಗಲ್ಲ, ಗೊತ್ತಿರೋರು ಇದಾರಾ ಅಂತ ಹುಡುಕ್ತಾ ದಿನ ಕಳೀಬೇಡಿ. ದುಡ್ಡು ಬಂದ ಮೇಲೂ ಪರೀಕ್ಷೆ ಪಾಸಾಗಿ ಸಿಗೋ ಕ್ರೆಡಿಟ್ ಕಮ್ಮಿ ಆದ್ರೆ ವಾಪಸ್ ಕೊಡ್ಬೇಕಾಗುತ್ತೆ, ಹಾಗಾಗಿ ಪರೀಕ್ಷೆ ಮುಂದಕ್ಕೆ ಹಾಕ್ಬೇಡಿ.

ಈಗ ಮನಸ್ಸಿಗೆ ಹತ್ರದ ಮಾತು. ತೆರಿಗೆ ಕಟ್ತೀವಿ, ಆದ್ರೆ ಓಟಿಲ್ಲ. ಯುರೋಪಿಯನ್ ಯೂನಿಯನ್ನಿನ ಪ್ರಜೆಗಳು ಕೊಮೂನೆ ಚುನಾವಣೆಗೆ ಓಟ್ ಹಾಕ್ಬಹುದು, ನಮಗೆ ಅದೂ ಇಲ್ಲ. ಭಾರತದಲ್ಲಿ ಎನ್‌ಆರ್‌ಐ ಮತದಾರ ಅಂತ ಹೆಸರು ಸೇರಿಸ್ಬಹುದು, ಆದ್ರೆ ಓಟ್ ಹಾಕೋಕೆ ನಮ್ಮೂರ ಮತಗಟ್ಟೆಗೇ ಹೋಗ್ಬೇಕು. ಊರಲ್ಲಿ ಪಂಚಾಯ್ತಿ ಎಲೆಕ್ಷನ್ ಅಂದ್ರೆ ಅರಳಿಕಟ್ಟೆ ಮೇಲೆ ತಿಂಗಳುಗಟ್ಲೆ ಲೆಕ್ಕಾಚಾರ ನಡೀತಿತ್ತು, ಯಾವ ಬೀದಿ ಯಾರಿಗೆ ಅಂತ ಎಲ್ರಿಗೂ ಗೊತ್ತಿರ್ತಿತ್ತು. ಇಲ್ಲಿ 2024ರ ಚುನಾವಣೆಗೆ ಅರ್ಧಕ್ಕಿಂತ ಹೆಚ್ಚು ಜನ ಬರ್ಲೇ ಇಲ್ಲ, ಶೇಕಡಾ 46ರ ಆಸುಪಾಸು ಅಷ್ಟೇ. ಓಟಿದ್ದೂ ಹಾಕ್ದೇ ಇರೋರನ್ನ ನೋಡಿದಾಗ ಹೊಟ್ಟೆ ಉರಿಯುತ್ತೆ, ನಿಜ ಹೇಳ್ತೀನಿ.

ಹಾಗಂತ ನಮಗೇನು ಅಂತ ಪಕ್ಕಕ್ಕೆ ಸರೀಬೇಡಿ. 2023ರ ಮೇ ತಿಂಗಳಲ್ಲಿ ರೊಮಾನ್ಯಾ ಕಡೆ ನದಿಗಳೆಲ್ಲ ಉಕ್ಕಿ 17 ಜನ ಸತ್ರು, ಫಾಯೆನ್ಸಾ, ಫೋರ್ಲಿ ಊರುಗಳ ಮನೆ ಒಳಗೆಲ್ಲ ಕೆಸರು. ಎಲ್ಲೆಲ್ಲಿಂದಲೋ ಹುಡುಗ್ರು ಬಂದು ರಬ್ಬರ್ ಬೂಟ್ಸು ಹಾಕ್ಕೊಂಡು, ಸಾಲಾಗಿ ನಿಂತು ಬಕೆಟ್ ಕೈಯಿಂದ ಕೈಗೆ ದಾಟಿಸ್ತಾ ಯಾರದೋ ಅಜ್ಜಿ ಮನೆ ನೆಲಮಾಳಿಗೆ ಖಾಲಿ ಮಾಡಿದ್ರು. ಅಲ್ಲಿ ಯಾರೂ ಪಾಸ್‌ಪೋರ್ಟ್ ಕೇಳ್ಲಿಲ್ಲ. ರೆಜೋನೆಯ ಹವಾಮಾನ ಎಚ್ಚರಿಕೆ ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ಬರುತ್ತೆ, ಕೆಂಪು ಬಂದ ದಿನ ನೆಲಮಾಳಿಗೆಗೆ ಇಳೀಬೇಡಿ, ಕಾರ್ ತೆಗಿಯೋಕೂ ಇಳೀಬೇಡಿ.

ಕೊನೆಗೆ ಮಕ್ಕಳ ವಿಷಯ, ಇದನ್ನ ಗಮನ ಇಟ್ಟು ಓದಿ. ನಮ್ಮಂಥೋರಿಗೆ ಪೌರತ್ವಕ್ಕೆ ಅರ್ಜಿ ಹಾಕೋಕೆ 10 ವರ್ಷ ಇಲ್ಲಿ ವಾಸ ಇರ್ಬೇಕು. ಅದನ್ನ 5ಕ್ಕೆ ಇಳ್ಸೋಕೆ 2025ರ ಜೂನ್‌ನಲ್ಲಿ ಜನಮತ ಆಯ್ತು, ಬಂದಿದ್ದು ಶೇಕಡಾ 30ರಷ್ಟು ಜನ, ಓಟ್ ಹಾಕೋರು ಅರ್ಧ ದಾಟಿದ್ರೆ ಮಾತ್ರ ಲೆಕ್ಕ, ದಾಟದೆ ಬಿದ್ದೋಯ್ತು. ಇಟಲಿ ಪಾಸ್‌ಪೋರ್ಟ್ ತಗೊಂಡ್ರೆ ಭಾರತದ್ದು ಬಿಡ್ಬೇಕು, ಆ ರಾತ್ರಿ ನಿದ್ದೆ ಬರಲ್ಲ, ಅದಕ್ಕೆ ನನ್ನ ಹತ್ರ ಉಪದೇಶ ಇಲ್ಲ. ಇಲ್ಲೇ ಹುಟ್ಟಿದ ಮಕ್ಕಳು 18ರ ತನಕ ಬಿಡದೆ ಇಲ್ಲೇ ವಾಸ ಇದ್ರೆ, 19 ತುಂಬೋ ಒಳಗೆ ಕೊಮೂನೆಯಲ್ಲಿ ಹೇಳಿಕೆ ಕೊಟ್ಟು ಪ್ರಜೆ ಆಗ್ಬಹುದು. ಈ 'ಬಿಡದೆ' ಅನ್ನೋದ್ರಲ್ಲೇ ಕಷ್ಟ ಇರೋದು. ಮಗು ಕನ್ನಡ ಕಲೀಲಿ ಅಂತ ಒಂದೆರಡು ವರ್ಷ ಅಜ್ಜಿ ಮನೆಗೆ ಬಿಡೋರಿದಾರೆ, ಆ ಆಸೆ ನನಗೂ ಅರ್ಥ ಆಗುತ್ತೆ, ಆದ್ರೆ ಕೊಮೂನೆ ರಿಜಿಸ್ಟರಿಂದ ಹೆಸರು ತೆಗೆದ್ರೆ 18ಕ್ಕೆ ಮಗುನೇ ಕಷ್ಟಪಡೋದು. ಶಾಲೆ ಸರ್ಟಿಫಿಕೇಟು, ವ್ಯಾಕ್ಸಿನ್ ದಾಖಲೆ ಒಂದೂ ಬಿಸಾಕ್ಬೇಡಿ, ಇಲ್ಲೇ ಇದ್ವಿ ಅನ್ನೋಕೆ ಅವೇ ಸಾಕ್ಷಿ. ಅಜ್ಜಿ ಮನೆಗೆ ಬೇಸಿಗೆ ರಜೆಲಿ ಕಳ್ಸಿ. ಶಾಲೆ ಕ್ಯಾಲೆಂಡರ್ ತೀರ್ಮಾನ ಮಾಡೋದೂ ರೆಜೋನೆನೇ, ಜೂನ್ ಮೊದಲ ವಾರದ ಹೊತ್ತಿಗೆ ಮುಗಿದ್ರೆ ಮತ್ತೆ ತೆಗಿಯೋದು ಸೆಪ್ಟೆಂಬರ್ ಮಧ್ಯಕ್ಕೆ, ಮಳೆಗಾಲ ಪೂರ್ತಿ ಊರಲ್ಲಿ ಕಳೀಬಹುದು. ಕ್ಯಾಲೆಂಡರ್ ಪ್ರಕಟ ಆದ ಕೂಡ್ಲೇ ದಿನಾಂಕ ನೋಡ್ಕೊಂಡು ಟಿಕೆಟ್ ಮಾಡ್ಸಿಬಿಡಿ.