ಮೀನಿನ ಟ್ಯಾಂಕಿನಲ್ಲಿ ಬಿಳಿ ಬೂಷ್ಟು ಬಂದಿದೆಯಾ? ಮೊದಲು ಎಲ್ಲಿದೆ ನೋಡಿ

ಮುಂಬೈನ ಕ್ರಾಫರ್ಡ್ ಮಾರ್ಕೆಟ್ಟಿನಿಂದ ಹೊಸ ಡ್ರಿಫ್ಟ್‌ವುಡ್ (ಟ್ಯಾಂಕಿನಲ್ಲಿ ಅಂದಕ್ಕೆ ಇಡುವ ಮರದ ತುಂಡು) ತಂದು ಹಾಕಿದವರು ಸ್ವಲ್ಪ ದಿನಕ್ಕೇ ಗಾಬರಿಯಾಗಿ ಫೋಟೊ ಕಳಿಸುತ್ತಾರೆ, ಮರದ ಮೇಲೆ ಬಿಳಿ ಲೋಳೆ ಬಂದಿದೆ, ಮೀನು ಸಾಯುತ್ತವಾ ಅಂತ. ಇಲ್ಲ ಮಾರಾಯ್ರೇ. ಮರದಿಂದ ಸಕ್ಕರೆಯಂಥ ಅಂಶ ಬಿಡುತ್ತಿರುತ್ತದೆ, ಅದನ್ನು ತಿಂದು ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಆ ಅಂಶ ಮುಗಿದರೆ ತಾನೇ ಹೋಗುತ್ತದೆ, ಕೆಲವು ವಾರ ಬೇಕು. ನೋಡಲು ಅಸಹ್ಯ ಅನಿಸಿದರೆ ಮರ ಹೊರಗೆ ತೆಗೆದು ಹಳೆ ಬ್ರಷ್‌ನಿಂದ ಉಜ್ಜಿ, ಪಾತ್ರೆಗೆ ಹಿಡಿಸಿದರೆ ಕುದಿಸಿ. ಸೋಪು ಮಾತ್ರ ಬೇಡವೇ ಬೇಡ. ಸಿಗಡಿ, ಬಸವನಹುಳು ಸಾಕಿದ್ದರೆ ಅವಕ್ಕೆ ಹಬ್ಬ.

ಕೆಳಗಿನ ಕಲ್ಲುಗಳ ಮೇಲೆ ಬಂದಿದೆ ಅಂದರೆ ಸಾಮಾನ್ಯವಾಗಿ ಮಿಕ್ಕ ಆಹಾರ ಕೊಳೆಯುತ್ತಿದೆ. ಜಾಸ್ತಿ ಹಾಕುತ್ತಿದ್ದೀರಿ, ಅಷ್ಟೆ. ಪೈಪಿನಿಂದ ಎಳೆದು ತೆಗೆಯಿರಿ, ಕಾಲು ಭಾಗ ನೀರು ಬದಲಿಸಿ. ಮುನ್ಸಿಪಾಲಿಟಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ ಅಲ್ವಾ, ಆಂಟಿ ಕ್ಲೋರಿನ್ ಹನಿ ಹಾಕದೆ ಸುರಿಯಬೇಡಿ. ಸುಮ್ನೆ ಇಡೀ ಟ್ಯಾಂಕ್ ಖಾಲಿ ಮಾಡಿ ಫಿಲ್ಟರ್ ಸ್ಪಂಜನ್ನೂ ನಲ್ಲಿ ಕೆಳಗೆ ತೊಳೆದರೆ ನೀರನ್ನು ಶುದ್ಧವಾಗಿಡಲು ಬೇಕಾದ ಬ್ಯಾಕ್ಟೀರಿಯಾನೂ ಹೋಗುತ್ತದೆ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಮೀನಿನ ಮೈಮೇಲೆಯೇ ಹತ್ತಿಯಂಥದ್ದು ಅಂಟಿದ್ದರೆ ಅದು ಕಾಯಿಲೆ, ಆ ಮೀನನ್ನು ಬೇರೆ ಇಟ್ಟು ಫಂಗಸ್ ಔಷಧಿ ಕೊಡಿ. ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಇದ್ದರೆ ಒಂದು ಮೀನು ತೆಗೆದು ಪ್ರಯೋಜನವಿಲ್ಲ, ಪರೋಪಜೀವಿ ನೀರಿನಲ್ಲೂ ಇರುತ್ತದೆ, ಇಡೀ ಟ್ಯಾಂಕಿಗೇ ಔಷಧಿ ಮಾಡಬೇಕು.