ಮಳೆಗಾಲದಲ್ಲಿ ಕಟ್ಟಿ, ಪುತ್ತರಿ ಕಳೆದ ಮೇಲೆ ಹಾರಿಸಿ: ಕೊಡಗಿನಲ್ಲಿ ಆರ್‌ಸಿ ವಿಮಾನ

ಕೊಡಗಿನಲ್ಲಿ ಆರ್‌ಸಿ ವಿಮಾನ (ರಿಮೋಟ್‌ನಲ್ಲಿ ನಡೆಸುವ ಪುಟ್ಟ ಮಾದರಿ ವಿಮಾನ) ಹಾರಿಸಲು ಜಾಗ ಎಲ್ಲಿದೆ ಅಂತ ಕೇಳುವವರೇ ಜಾಸ್ತಿ. ನೋಡಿದಲ್ಲೆಲ್ಲ ಗುಡ್ಡ, ಕಾಫಿ ತೋಟ, ಸಿಲ್ವರ್ ಓಕ್. ನಿಜವೇ. ಆದರೆ ಸುಗ್ಗಿ ಹಬ್ಬ ಪುತ್ತರಿ ಮುಗಿದು ಕೊಯ್ಲು ಆದ ಮೇಲೆ ಗದ್ದೆಗಳು ಖಾಲಿ ಬಿದ್ದಿರುತ್ತವೆ, ಕೂಳೆ ಒಣಗಿ ನೆಲ ಗಟ್ಟಿಯಾಗಿರುತ್ತದೆ, ವಿಮಾನ ಇಳಿಸಲು ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ಮಳೆ ಬಿಡುವುದಿಲ್ಲ. ಕಟ್ಟುವ ಕೆಲಸಕ್ಕೆ ಅದೇ ಸರಿಯಾದ ಸಮಯ.

ಮೊದಲ ವಿಮಾನಕ್ಕೆ ಫೈಟರ್ ಜೆಟ್ ಆಸೆ ಬೇಡ. ರೆಕ್ಕೆ ಮೇಲಿರುವ ಟ್ರೈನರ್, ಅಂದರೆ ಕಲಿಯುವವರ ವಿಮಾನ, ಮಾಡಿ. ರೆಕ್ಕೆಯ ಉದ್ದ 1 ಮೀಟರ್, ಅಗಲ 20 ಸೆಂ.ಮೀ. ಸಾಕು. ರೆಕ್ಕೆಯ ಎರಡೂ ತುದಿ ಸ್ವಲ್ಪ ಮೇಲಕ್ಕೆ ಎದ್ದಿರಲಿ, ಆಗ ವಿಮಾನ ವಾಲಿದರೂ ತಾನೇ ನೆಟ್ಟಗಾಗಲು ನೋಡುತ್ತದೆ. 5 ಮಿ.ಮೀ. ಫೋಮ್ ಬೋರ್ಡ್, ಹಾಟ್ ಗ್ಲೂ, ಹೊಸ ಬ್ಲೇಡ್ ಹಾಕಿದ ಕಟರ್ ಇದ್ದರೆ ಕೆಲಸ ಶುರು ಮಾಡಬಹುದು. ರೆಕ್ಕೆಯ ಒಳಗೆ ಉದ್ದಕ್ಕೂ ಮರದ ಸ್ಕೇಲ್ ಅಂಟಿಸಿ, ಇಲ್ಲದಿದ್ದರೆ ಮೊದಲ ಜೋರು ತಿರುವಿಗೇ ಮಡಚಿಕೊಳ್ಳುತ್ತದೆ. ನಮ್ಮ ಕಡೆ ಇನ್ನೊಂದು ವಿಷಯ: ಮಳೆಗಾಲದ ತೇವಕ್ಕೆ ಫೋಮ್ ಬೋರ್ಡಿನ ಕಾಗದ ಉಬ್ಬಿ ಬಿಟ್ಟುಕೊಳ್ಳುತ್ತದೆ. ಕತ್ತರಿಸಿದ ಅಂಚುಗಳಿಗೆಲ್ಲ ಆವತ್ತೇ ಬ್ರೌನ್ ಟೇಪ್ ಸುತ್ತಿ. ಆದರೆ ಇಡೀ ವಿಮಾನಕ್ಕೆ ಟೇಪ್ ಸುತ್ತುತ್ತಾ ಹೋಗಬೇಡಿ, ತೂಕ ಏರುತ್ತದೆ.

ತೂಕದ ಬಗ್ಗೆ ಇಷ್ಟು ಹೇಳಲು ಕಾರಣ ಇದೆ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರ್‌ಗಿಂತ ಎತ್ತರದಲ್ಲಿದೆ. ಕರಾವಳಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 10 ಕಡಿಮೆ. ಅಂದರೆ ಪ್ರೊಪೆಲ್ಲರ್ ಎಳೆಯುವ ಬಲ ಕಡಿಮೆ, ರೆಕ್ಕೆ ಎತ್ತಿ ಹಿಡಿಯಲು ವೇಗ ಸ್ವಲ್ಪ ಜಾಸ್ತಿ ಬೇಕು. ಬ್ಯಾಟರಿ ಸೇರಿ 700 ಗ್ರಾಂ ಒಳಗೆ ಮುಗಿಸಿ. 2212 ಅಳತೆಯ 1000 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ) ಬ್ರಷ್‌ಲೆಸ್ ಮೋಟಾರ್, 30 ಆಂಪ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ), 10x4.5 ಇಂಚಿನ ಪ್ರೊಪೆಲ್ಲರ್, 9 ಗ್ರಾಂ ಸರ್ವೋಗಳು (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರ್‌ಗಳು), 3ಎಸ್ (ಮೂರು ಸೆಲ್‌ಗಳ) 2200 ಎಂಎಎಚ್ ಲಿಪೋ ಬ್ಯಾಟರಿ, 2.4 ಗಿಗಾಹರ್ಟ್ಸ್ ರಿಮೋಟ್: ಈ ಜೋಡಿ ಇಂಥ ವಿಮಾನಕ್ಕೆ ಧಾರಾಳವಾಗಿ ಸಾಕು.

ಈಗ ಮುಖ್ಯ ವಿಷಯ, ಬ್ಯಾಲೆನ್ಸ್. ದುಬಾರಿ ಮೋಟಾರ್ ಹಾಕಿದ ವಿಮಾನವೂ ಬ್ಯಾಲೆನ್ಸ್ ತಪ್ಪಿದರೆ ಹಾರುವುದಿಲ್ಲ, ಅಗ್ಗದ ಸಾಮಾನು ಹಾಕಿದ್ದು ಬ್ಯಾಲೆನ್ಸ್ ಸರಿ ಇದ್ದರೆ ಚೆನ್ನಾಗಿಯೇ ಹಾರುತ್ತದೆ. ರೆಕ್ಕೆಯ ಮುಂದಿನ ಅಂಚಿನಿಂದ 5 ಸೆಂ.ಮೀ. ಹಿಂದೆ, ಎರಡೂ ಕಡೆ, ಪೆನ್ನಿನಲ್ಲಿ ಗುರುತು ಹಾಕಿ. ಬ್ಯಾಟರಿ ಸೇರಿ ಎಲ್ಲವನ್ನೂ ಕೂರಿಸಿದ ಮೇಲೆ ಆ ಗುರುತಿನ ಕೆಳಗೆ ಎರಡು ಬೆರಳ ತುದಿ ಇಟ್ಟು ವಿಮಾನವನ್ನು ಮೆಲ್ಲಗೆ ಎತ್ತಿ. ಮೂಗು ಒಂಚೂರು ಕೆಳಗೆ ಬಾಗಿ ನಿಲ್ಲಬೇಕು. ಬಾಲ ಕೆಳಗೆ ಹೋದರೆ ಬ್ಯಾಟರಿಯನ್ನು ಮುಂದಕ್ಕೆ ತಳ್ಳಿ, ಮತ್ತೆ ಎತ್ತಿ ನೋಡಿ. ಸರಿಯಾದ ಜಾಗ ಸಿಕ್ಕಿದ ಮೇಲೆ ಬ್ಯಾಟರಿಯನ್ನು ವೆಲ್ಕ್ರೋ ಹಾಕಿ ಅಲ್ಲೇ ಬಿಗಿಯಿರಿ. ಬಾಲ ಭಾರ ಇರುವ ವಿಮಾನ ಕೈ ಬಿಟ್ಟ ತಕ್ಷಣ ಮೂಗೆತ್ತಿ, ವೇಗ ಕಳೆದುಕೊಂಡು, ಹೊರಳಿ ಬೀಳುತ್ತದೆ. ಆಗ ಸ್ಟಿಕ್ ಎಷ್ಟು ಆಡಿಸಿದರೂ ಪ್ರಯೋಜನ ಇಲ್ಲ.

ಪ್ರೊಪೆಲ್ಲರ್ ಬಿಚ್ಚಿಟ್ಟುಕೊಂಡೇ ಪರೀಕ್ಷೆ ಮಾಡಿ. ಮೊದಲು ರಿಮೋಟ್ ಆನ್, ಆಮೇಲೆ ಬ್ಯಾಟರಿ. ಮುಗಿಸುವಾಗ ಮೊದಲು ಬ್ಯಾಟರಿ ತೆಗೆಯಿರಿ. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲಗಡೆಯ ಐಲೆರಾನ್ (ರೆಕ್ಕೆಯ ಹಿಂಬದಿಯ ಆಡುವ ಪಟ್ಟಿ) ಮೇಲೇಳಬೇಕು, ನಿಮ್ಮ ಕಡೆ ಎಳೆದರೆ ಎಲಿವೇಟರ್ (ಬಾಲದ ಆಡುವ ಪಟ್ಟಿ) ಮೇಲೇಳಬೇಕು. ಸಿಗ್ನಲ್ ಹೋದರೆ ಮೋಟಾರ್ ನಿಲ್ಲುವ ಹಾಗೆ ಫೇಲ್‌ಸೇಫ್ ಇಟ್ಟುಕೊಳ್ಳಿ.

ಹಾರಿಸುವ ಮೊದಲು ಗದ್ದೆಯ ಯಜಮಾನರನ್ನು ಕೇಳಿ. ಯಾರೂ ಬೇಡ ಅನ್ನುವುದು ಕಡಿಮೆ, ಆದರೆ ಕೇಳದೆ ಇಳಿಯುವುದು ಸರಿಯಲ್ಲ ಅಲ್ವಾ? ಕರೆಂಟ್ ತಂತಿ, ಮೇಯುವ ದನ ಎಲ್ಲಿವೆ ನೋಡಿಕೊಳ್ಳಿ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ ಕಾಡಿನ ಹತ್ತಿರ ಬೇಡವೇ ಬೇಡ. ಡ್ರೋನ್ ನಿಯಮಗಳು 2021 ಇಂಥ ವಿಮಾನಕ್ಕೂ ಅನ್ವಯಿಸುತ್ತವೆ, ಹಾಗಾಗಿ ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯಾ, ಅಂದರೆ ಹಾರಿಸಲು ಮೊದಲೇ ಅನುಮತಿ ಬೇಡದ ಜಾಗವಾ, ನೋಡಿ. ಹಸಿರಿದ್ದರೂ 120 ಮೀಟರ್ ಮೀರಬೇಡಿ, ವಿಮಾನ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಲಿ.

ಬೆಳಗ್ಗೆ ಮಂಜು ಕರಗಿದ ಮೇಲೆ, ಗಾಳಿ ಏಳುವ ಮೊದಲು, ಒಳ್ಳೆಯ ಹೊತ್ತು ಸಿಗುತ್ತದೆ. ಮಧ್ಯಾಹ್ನ ಬಿಸಿಲೇರಿದರೆ ಗುಡ್ಡದ ಮರೆಯಲ್ಲೂ ಮರಗಳ ಸಾಲಿನ ಹಿಂದೆಯೂ ಗಾಳಿ ಸುಳಿ ಸುತ್ತುತ್ತದೆ. ಸಿಲ್ವರ್ ಓಕ್ ಸಾಲಿನಿಂದ ದೂರ, ಗದ್ದೆಯ ನಡುವೆ ನಿಲ್ಲಿ. ಥ್ರಾಟಲ್ (ಮೋಟಾರಿನ ವೇಗ) ಮುಕ್ಕಾಲಿಗಿಂತ ಜಾಸ್ತಿ ಕೊಟ್ಟು, ಗಾಳಿಗೆ ಎದುರಾಗಿ, ಮೂಗು ಮೇಲೆತ್ತದೆ ನೇರವಾಗಿ ಎಸೆಯಿರಿ. ಗೆಳೆಯರೊಬ್ಬರು ಎಸೆದುಕೊಟ್ಟರೆ ನಿಮ್ಮ ಎರಡೂ ಕೈ ರಿಮೋಟ್ ಮೇಲಿರುತ್ತವೆ. ಮರಗಳಿಗಿಂತ ಚೆನ್ನಾಗಿ ಮೇಲಕ್ಕೆ ಹೋದ ಮೇಲೆ ಥ್ರಾಟಲ್ ಅರ್ಧಕ್ಕೆ ಇಳಿಸಿ, ಸ್ಟಿಕ್ ಮುಟ್ಟದಿದ್ದರೂ ನೇರ ಹಾರುವ ಹಾಗೆ ರಿಮೋಟ್‌ನ ಟ್ರಿಮ್ ಸರಿ ಮಾಡಿ, ದೊಡ್ಡ ದೊಡ್ಡ ಸುತ್ತು ಹೊಡೆಯಿರಿ. ವಿಮಾನ ನಿಮ್ಮ ಕಡೆ ಬರುವಾಗ ಎಡ ಬಲ ತಲೆಕೆಳಗಾಗುತ್ತದೆ. ಯಾವ ರೆಕ್ಕೆ ಕೆಳಗಿದೆಯೋ ಆ ಕಡೆಗೆ ಸ್ಟಿಕ್ ತಳ್ಳಿ, ನೆಟ್ಟಗಾಗುತ್ತದೆ. ಇದನ್ನು ಮೊದಲೇ ಸಿಮ್ಯುಲೇಟರ್‌ನಲ್ಲಿ ಕೈಗೆ ಕೂರಿಸಿಕೊಂಡರೆ ಒಳ್ಳೆಯದು. ಐದಾರು ನಿಮಿಷಕ್ಕೆ ಟೈಮರ್ ಇಟ್ಟು ಇಳಿಸಿ. ಇಳಿಸುವುದೂ ಗಾಳಿಗೆ ಎದುರಾಗಿಯೇ.

ಲಿಪೋ ಬ್ಯಾಟರಿಯ ಒಂದು ಸೆಲ್ 3.5 ವೋಲ್ಟ್‌ಗಿಂತ ಕೆಳಗೆ ಹೋಗಲು ಬಿಡಬೇಡಿ. ಮನೆಯಲ್ಲಿ ಸುಮ್ನೆ ಇಡುವಾಗ 3.8ರಲ್ಲಿರಲಿ. ಬ್ಯಾಲೆನ್ಸ್ ಚಾರ್ಜರ್‌ನಲ್ಲೇ ಚಾರ್ಜ್ ಮಾಡಿ, ಹಾಕಿ ಮಲಗಲು ಹೋಗಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

ವಿಮಾನ ಮರ ಹತ್ತಿದರೆ? ಮೊದಲು ಥ್ರಾಟಲ್ ಸೊನ್ನೆಗೆ ತನ್ನಿ, ಕೊಂಬೆಗೆ ಸಿಕ್ಕಿದ ಮೋಟಾರ್ ತಿರುಗಲು ಒದ್ದಾಡಿದರೆ ಇಎಸ್‌ಸಿ ಸುಟ್ಟುಹೋಗುತ್ತದೆ. ಕಲ್ಲು ಎಸೆಯಬೇಡಿ, ಮರ ಅಲುಗಾಡಿಸಬೇಡಿ. ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ ಹರಿದರೆ ತೋಟದವರಿಗೆ ನಷ್ಟ. ಮೆಣಸು ಕುಯ್ಯುವವರನ್ನು ಕೇಳಿಕೊಳ್ಳಿ, ಅವರ ಹತ್ತಿರ ಉದ್ದದ ಏಣಿ ಇರುತ್ತದೆ, ಹತ್ತಿ ಅಭ್ಯಾಸವೂ ಇರುತ್ತದೆ. ಕೆಳಗೆ ಬಂದ ತಕ್ಷಣ ಬ್ಯಾಟರಿ ಬಿಚ್ಚಿ, ರೆಕ್ಕೆಯ ಒಳಗಿನ ಸ್ಕೇಲ್ ಬಿರುಕು ಬಿಟ್ಟಿದೆಯಾ ಅಂತ ಬಗ್ಗಿಸಿ ನೋಡಿ.