ಕಬ್ಬಿನ ಸಿಪ್ಪೆಯಿಂದ ಸೂಪರ್‌ಕೆಪಾಸಿಟರ್ ಎಲೆಕ್ಟ್ರೋಡ್ ಮಾಡುವುದು ಹೇಗೆ?

ಮಂಡ್ಯದ ಯಾವುದೇ ಆಲೆಮನೆಗೆ ಹೋಗಿ ಒಂದು ಚೀಲ ಕಬ್ಬಿನ ಸಿಪ್ಪೆ ಕೇಳಿ, ಇಲ್ಲ ಅನ್ನುವುದಿಲ್ಲ. ಹೇಗಿದ್ದರೂ ಒಲೆಗೆ ಹಾಕುವುದೇ ಅಲ್ವಾ? ನನ್ನ ಎಂಎಸ್ಸಿ ಪ್ರಾಜೆಕ್ಟ್ ಶುರುವಾಗಿದ್ದು ಆ ಚೀಲದಿಂದಲೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದು ಲ್ಯಾಬ್ ಕೆಲಸ, ಮನೆಯಲ್ಲಿ ಬೇಡ.

ಸೂಪರ್‌ಕೆಪಾಸಿಟರ್ ಅಂದರೆ ಚಾರ್ಜ್ ಕೂಡಿಡುವ ಸಾಧನ, ಚಾರ್ಜ್ ಕೂರುವುದು ಅದರ ಎಲೆಕ್ಟ್ರೋಡ್‌ನಲ್ಲಿ. ಎಲೆಕ್ಟ್ರೋಡ್ ಇದ್ದಿಲಿನದಾದರೆ ಅದರ ತೂತುಗಳ ಗೋಡೆಗೆ ದ್ರಾವಣದ ಅಯಾನುಗಳು, ಅಂದರೆ ಚಾರ್ಜ್ ಇರುವ ಕಣಗಳು, ಅಂಟಿಕೊಂಡು ಚಾರ್ಜ್ ಉಳಿಯುತ್ತದೆ. ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ, ಆದರೆ ಹಿಡಿಯುವುದು ಕಮ್ಮಿ. ಮ್ಯಾಂಗನೀಸ್ ಡೈಆಕ್ಸೈಡ್ ಲೆಕ್ಕದ ಪ್ರಕಾರ ಗ್ರಾಂಗೆ ಸುಮಾರು 1370 ಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ) ಹಿಡಿಯಬೇಕು, ಆದರೆ ಅದರಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಅದಕ್ಕೇ ಎರಡನ್ನೂ ಸೇರಿಸುವುದು.

ಸಿಪ್ಪೆ ತೊಳೆದು, ಒಣಗಿಸಿ, ಸಣ್ಣಗೆ ಕತ್ತರಿಸಿ. ನೈಟ್ರೋಜನ್ ಹರಿಯುವ ಕುಲುಮೆಯಲ್ಲಿ 500 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಇದ್ದಿಲಾಗುತ್ತದೆ. ಒಂದು ಪಾಲು ಇದ್ದಿಲಿಗೆ ತೂಕದಲ್ಲಿ ಮೂರು ಪಾಲು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬೆರೆಸಿ, ಮತ್ತೆ ನೈಟ್ರೋಜನ್‌ನಲ್ಲೇ 750 ಡಿಗ್ರಿಗೆ ಒಂದು ಗಂಟೆ ಕಾಯಿಸಿ. ಅದು ಇಂಗಾಲವನ್ನು ತಿಂದು ತೂತು ಕೊರೆಯುತ್ತದೆ. ಪಿಂಗಾಣಿ ಪಾತ್ರೆಯನ್ನೂ ತಿನ್ನುತ್ತದೆ, ಹಾಗಾಗಿ ನಿಕಲ್ ಮೂಸೆ ಬಳಸಿ. ಕುಲುಮೆ ಪೂರ್ತಿ ತಣ್ಣಗಾಗುವ ತನಕ ತೆಗೆಯಬೇಡಿ. ಒಳಗೆ ಪೊಟ್ಯಾಶಿಯಂ ಲೋಹ ಉಳಿದಿದ್ದರೆ ಗಾಳಿ, ನೀರು ಸೋಕಿದ ತಕ್ಷಣ ಹತ್ತಿಕೊಳ್ಳಬಹುದು. ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ನಂತರ ನೀರಿನಲ್ಲಿ, ಪಿಎಚ್ 7ಕ್ಕೆ ಬರುವವರೆಗೆ ತೊಳೆಯಿರಿ. ಬೇಜಾರಿನ ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ. ಸರಿಯಾಗಿ ಬಂದರೆ ಒಂದು ಗ್ರಾಂ ಪುಡಿಯಲ್ಲಿ ಸಾವಿರ ಚದರ ಮೀಟರ್‌ಗಿಂತ ಜಾಸ್ತಿ ಮೇಲ್ಮೈ ಸಿಗುತ್ತದೆ.

ಈಗ ಮ್ಯಾಂಗನೀಸ್ ಡೈಆಕ್ಸೈಡ್. ಒಂದು ಗ್ರಾಂ ಇದ್ದಿಲು, 100 ಮಿಲಿ ನೀರು, ಅರ್ಧ ಗ್ರಾಂ ಪೊಟ್ಯಾಶಿಯಂ ಪರ್ಮಾಂಗನೇಟ್, ಹಿಂದೆ ಬಾವಿಗೆ ಹಾಕುತ್ತಿದ್ದರಲ್ಲ, ಅದೇ ನೇರಳೆ ಪುಡಿ. 70 ಡಿಗ್ರಿಯಲ್ಲಿ ಕಲಕುತ್ತಾ ಇರಿ. ಇದ್ದಿಲೇ ಅದರ ಜೊತೆ ವರ್ತಿಸುವುದರಿಂದ ಆಕ್ಸೈಡ್ ತೂತಿನ ಗೋಡೆಯ ಮೇಲೇ ಕೂರುತ್ತದೆ, ನೀರಿನ ನೇರಳೆ ಬಣ್ಣ ನಿಧಾನವಾಗಿ ಮಾಯವಾಗುತ್ತದೆ. ಬಣ್ಣ ಹೋಯಿತೆಂದರೆ ಸುಮಾರು 0.27 ಗ್ರಾಂ ಆಕ್ಸೈಡ್ ಕೂತಿದೆ ಅಂತ ಲೆಕ್ಕ. ಸೋಸಿ, ತೊಳೆದು, ಒಣಗಿಸಿ.

ನಾನು ಎಡವಿದ್ದು ಇಲ್ಲೇ. ಜಾಸ್ತಿ ಆಕ್ಸೈಡ್ ಇದ್ದರೆ ಜಾಸ್ತಿ ಚಾರ್ಜ್ ಅಂದುಕೊಂಡು ಸುಮ್ನೆ ನಾಲ್ಕು ಪಟ್ಟು ಪರ್ಮಾಂಗನೇಟ್ ಸುರಿದೆ. ತೂತುಗಳೆಲ್ಲ ಮುಚ್ಚಿಹೋಗಿ ಬರೀ ಇದ್ದಿಲಿಗಿಂತ ಕಡೆಯಾಯಿತು. ಹಳೇ ಥರದ ಗಟ್ಟಿ ಮೈಸೂರುಪಾಕ್ ನೋಡಿದ್ದೀರಲ್ಲ, ಒಳಗೆಲ್ಲ ಗೂಡುಗೂಡು? ಆ ಗೂಡಿನ ಗೋಡೆಗೆ ತೆಳ್ಳಗೆ ತುಪ್ಪ ಸವರಿದ ಹಾಗಿರಬೇಕು, ಗೂಡು ತುಂಬಿಬಿಡಬಾರದು.

ಎಂಟು ಪಾಲು ಈ ಪುಡಿ, ಒಂದು ಪಾಲು ಕಾರ್ಬನ್ ಬ್ಲ್ಯಾಕ್ (ಕರೆಂಟ್ ಹರಿಯಲು ಹಾಕುವ ನುಣುಪು ಮಸಿ), ಒಂದು ಪಾಲು ಪಿವಿಡಿಎಫ್ ಅಂಟನ್ನು ಎನ್‌ಎಂಪಿ ದ್ರಾವಕದಲ್ಲಿ ದೋಸೆಹಿಟ್ಟಿನ ಹದಕ್ಕೆ ಅರೆದು, ಕಾರ್ಬನ್ ಪೇಪರ್ ಮೇಲೆ ಬಳಿದು, 80 ಡಿಗ್ರಿ ನಿರ್ವಾತ ಒಲೆಯಲ್ಲಿ ರಾತ್ರಿಯಿಡೀ ಒಣಗಿಸಿ. ಪರೀಕ್ಷೆಗೆ ಒಂದು ಮೋಲಾರ್ ಸೋಡಿಯಂ ಸಲ್ಫೇಟ್ ದ್ರಾವಣ ಸಾಕು.

ಗ್ರಾಂಗೆ ಎಷ್ಟು ಫ್ಯಾರಡ್ ಅನ್ನುವ ಲೆಕ್ಕ ಸುಲಭ. ಕರೆಂಟನ್ನು ಡಿಸ್‌ಚಾರ್ಜ್ ಸಮಯದಿಂದ ಗುಣಿಸಿ, ತೂಕ ಮತ್ತು ವೋಲ್ಟೇಜ್ ಇಳಿತದ ಗುಣಲಬ್ಧದಿಂದ ಭಾಗಿಸಿ. 2 ಮಿಲಿಗ್ರಾಂ ಪುಡಿ, 2 ಮಿಲಿಆಂಪಿಯರ್, 0.8 ವೋಲ್ಟ್ ಇಳಿಯಲು 160 ಸೆಕೆಂಡ್ ಆದರೆ ಗ್ರಾಂಗೆ 200 ಫ್ಯಾರಡ್. ತಕ್ಕಡಿ ಮಾತ್ರ ಒಳ್ಳೆಯದಿರಲಿ. ಎರಡು ಮಿಲಿಗ್ರಾಂನಲ್ಲಿ ಅರ್ಧ ಮಿಲಿಗ್ರಾಂ ಕಮ್ಮಿ ತೂಗಿದರೆ ಅದೇ 200 ಕಾಗದದ ಮೇಲೆ 267 ಆಗಿಬಿಡುತ್ತದೆ.